ನಿರುದ್ಯೋಗಿಯ ಉದ್ಯೋಗ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ಸಲ ಹೇಳಿದರೋ ನಾವು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ಅಪರಿಚಿತರು ಹೆಸರು ಕೇಳಿ, ಊರು ಕೇಳಿ, ಮೂರನೆಯದಾಗಿ ಕೇಳುವ ಪ್ರಶ್ನೆ ‘ತಮಗೆ ಎಲ್ಲಿ ಕೆಲಸ?’ ಎಂಬುದು. ಉತ್ತರವುಳ್ಳವನಿಗೆ ಅದು ಬರಿಯ ಕುಶಲಪ್ರಶ್ನೆ. ಮೊನ್ನೆ ತಾನೆ ಆ ಉತ್ತರವನ್ನು ಕಳೆದುಕೊಂಡವನಿಗಾದರೋ ಬಾಯಿಗಿಟ್ಟ ತುತ್ತನ್ನು ಗಂಟಲಲ್ಲೇ ನಿಲ್ಲಿಸುವ ವಿಚಾರಣೆ. ಕಾರ್ಖಾನೆಯು ಬಾಗಿಲು ಹಾಕಿದುದಕ್ಕೆ, ಕಂಪನಿಯು ತನ್ನ ಜಮಾಖರ್ಚನ್ನು ನೋಡಿಕೊಂಡು ನೂರು ಮಂದಿಯನ್ನು ಒಮ್ಮೆಗೇ ಮನೆಗೆ ಕಳುಹಿಸಿದುದಕ್ಕೆ ಅವನು ಎಳ್ಳಷ್ಟೂ ಕಾರಣನಲ್ಲ. ಆದರೂ ನಷ್ಟದೊಡನೆ ನಾಚಿಕೆಯೂ ಅವನ ಪಾಲಿಗೇ ಬರುತ್ತದೆ.

ಈ ನಾಚಿಕೆಯ ಒಂದಂಶಕ್ಕೆ ನಮ್ಮ ಭಾಷೆಯೂ ಹೊಣೆಯೆಂದು ನನಗೆ ತೋರುತ್ತದೆ. ಸಂಸ್ಕೃತದಲ್ಲಿ ಉದ್ಯೋಗವೆಂದರೆ ತಿಂಗಳ ಸಂಬಳದ ನೌಕರಿಯಲ್ಲ. ಕಾರ್ಯಕ್ಕೆ ಸನ್ನದ್ಧನಾಗುವಿಕೆ, ಪ್ರಯತ್ನ, ಉತ್ಸಾಹಪೂರ್ವಕವಾದ ಯತ್ನಶೀಲತೆ. ಕಾಲಾಂತರದಲ್ಲಿ ನಾವು ಆ ಪದವನ್ನು ನೌಕರಿಗೆ ಅಂಟಿಸಿದೆವು. ಅನಂತರ ನೌಕರಿ ಹೋದವನನ್ನು ‘ನಿರುದ್ಯೋಗಿ’ ಎಂದು ಕರೆದು, ನಮಗೆ ಅರಿವಿಲ್ಲದೆಯೇ ಪ್ರಯತ್ನಹೀನನೆಂಬ ದೂಷಣೆಯನ್ನೂ ಅವನ ಮೇಲೆ ಹೊರಿಸಿದೆವು. ವಾಸ್ತವದಲ್ಲಿ ಕೆಲಸ ಕಳೆದುಕೊಂಡ ಮರುದಿನದಿಂದ ಅವನು ಮಾಡಬೇಕಾಗಿರುವ ಉದ್ಯೋಗವು ಹಿಂದಿನ ನೌಕರಿಗಿಂತ ಕಠಿನವಾದುದು.

ಇಂಥ ತಪ್ಪು ಗ್ರಹಿಕೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಇಂಗ್ಲೆಂಡಿನಲ್ಲಿಯೂ ಕೆಲಸವಿಲ್ಲದಿರುವುದನ್ನು ಬಹುಕಾಲ ವ್ಯಕ್ತಿಯ ಶೀಲದೋಷವೆಂದೇ ಎಣಿಸುತ್ತಿದ್ದರು. 1909ರಲ್ಲಿ ವಿಲಿಯಂ ಬೆವರಿಜ್ ಎಂಬ ಯುವಕನು ನಿರುದ್ಯೋಗವನ್ನು ಕುರಿತು ಒಂದು ಗ್ರಂಥವನ್ನು ಬರೆದು, ಅದು ಕೈಗಾರಿಕೆಯ ಸಮಸ್ಯೆಯೆಂದು ಅದರ ಹೆಸರಿನಲ್ಲಿಯೇ ಸಾರಿದನು. ಹಡಗು ಕಟ್ಟುವ ಕೆಲಸ ಒಂದು ಋತುವಿನಲ್ಲಿ ಏರಿ ಇನ್ನೊಂದು ಋತುವಿನಲ್ಲಿ ಇಳಿದರೆ ಅದು ಬಡಗಿಯ ಸೋಮಾರಿತನದಿಂದಲ್ಲವಷ್ಟೆ. ಕೆಲಸವು ಒಂದೂರಿನಲ್ಲಿ, ಕೆಲಸಗಾರನು ಮತ್ತೊಂದೂರಿನಲ್ಲಿ ಇದ್ದಾಗ ಇಬ್ಬರನ್ನೂ ಒಂದೆಡೆ ಕೂಡಿಸುವ ಕಚೇರಿಯೊಂದು ಬೇಕೆಂಬ ವಿಚಾರವು ಹೀಗೆ ಬಲಗೊಂಡು, 1910ರ ಫೆಬ್ರವರಿ 1ರಂದು ಆ ದೇಶದಲ್ಲಿ ಸರಕಾರಿ ಉದ್ಯೋಗ ವಿನಿಮಯ ಕಚೇರಿಗಳ ಬಾಗಿಲು ತೆರೆದವು. ಮರುವರ್ಷ ಬಂದ ರಾಷ್ಟ್ರೀಯ ವಿಮಾ ಕಾಯಿದೆಯು ಕಟ್ಟಡ, ಹಡಗು, ಯಂತ್ರನಿರ್ಮಾಣ ಮೊದಲಾದ ಕೆಲವು ಕಸುಬುಗಳವರಿಗೆ ಈ ಏರ್ಪಾಡನ್ನು ಮಾಡಿತು: ಕೆಲಸಗಾರನು ವಾರಕ್ಕೆ ಎರಡೂವರೆ ಪೆನ್ಸ್ ಕಟ್ಟುವನು, ಧಣಿಯೂ ಅಷ್ಟನ್ನೇ ಕಟ್ಟುವನು, ಸರಕಾರವು ತನ್ನ ಭಾಗವನ್ನು ಸೇರಿಸುವುದು, ಕೆಲಸ ತಪ್ಪಿದಾಗ ವಾರಕ್ಕೆ ಏಳು ಷಿಲಿಂಗಿನಂತೆ ವರ್ಷದಲ್ಲಿ ಹದಿನೈದು ವಾರಗಳವರೆಗೆ ಹಣ ದೊರೆಯುವುದು. ಮೊತ್ತವು ಅಲ್ಪವಾದರೂ ತತ್ತ್ವವು ದೊಡ್ಡದು. ಕೈಚಾಚಿ ಬೇಡಿದುದು ಭಿಕ್ಷೆ. ಮೊದಲೇ ಕಂತು ಕಟ್ಟಿ, ಆಪತ್ಕಾಲದಲ್ಲಿ ಕೇಳಿ ಪಡೆದುದು ಹಕ್ಕು.

ಆ ಹಣವು ಕೊಳ್ಳುವ ವಸ್ತು ಯಾವುದು? ಅಕ್ಕಿ ಬೇಳೆಯೆಂದು ಹೇಳಿದರೆ ಅರ್ಧ ಮಾತ್ರ ಹೇಳಿದಂತಾಯಿತು. ಮುಖ್ಯವಾಗಿ ಅದು ಕೊಳ್ಳುವುದು ಕಾಲವನ್ನು: ಸಿಕ್ಕಿದ ಮೊದಲನೆಯ ಕೂಲಿಗೆ ಕುತ್ತಿಗೆ ಕೊಡದೆ, ತನ್ನ ಕೈಕಸುಬಿಗೆ ತಕ್ಕ ಕೆಲಸವನ್ನು ಹುಡುಕಲು ಬೇಕಾದ ಕೆಲವು ವಾರಗಳ ಬಿಡುವನ್ನು. ಬರಿಯ ಬಿಡುವು ಮಾತ್ರವಿದ್ದು ಸಾಕಷ್ಟು ಆಸರೆಯೂ ಆಶೆಯೂ ಇಲ್ಲವಾದರೆ ಏನಾಗುವುದೆಂಬುದಕ್ಕೆ ವಿಯೆನ್ನಾದ ದಕ್ಷಿಣಕ್ಕಿರುವ ಮರಿಯೆಂಥಾಲ್ ಎಂಬ ಗ್ರಾಮವು ಸಾಕ್ಷಿಯಾಗಿದೆ. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆಯ ಕಾರ್ಖಾನೆ ಮುಚ್ಚಿಹೋದ ಮೇಲೆ, ಮರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ವಿದ್ವಾಂಸರು ಅಲ್ಲಿನವರ ದಿನಚರಿಯನ್ನು ಸಂಗಡಿಗರೊಡನೆ ಅಭ್ಯಾಸಮಾಡಿ 1933ರಲ್ಲಿ ಪ್ರಕಟಿಸಿದರು. ಓದಲು ಬೇಕಾದಷ್ಟು ಹೊತ್ತಿದ್ದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಕಡಿಮೆಯಾಗಿದ್ದವು. ಬೀದಿಯಲ್ಲಿ ನಡೆಯುವ ಗಂಡಸರ ನಡಿಗೆ ನಿಧಾನವಾಗಿ, ಅವರು ಹೆಜ್ಜೆಹೆಜ್ಜೆಗೂ ನಿಂತುಬಿಡುತ್ತಿದ್ದರು. ಹೆಂಗಸರ ನಡಿಗೆ ಮಾತ್ರ ಅಷ್ಟು ಕುಗ್ಗಿರಲಿಲ್ಲ. ಒಲೆ, ಮಕ್ಕಳು, ನೀರು ಎಂಬ ಸಂಬಳವಿಲ್ಲದ ನೌಕರಿಯಿಂದ ಅವರನ್ನು ಯಾರೂ ತೆಗೆದುಹಾಕಿರಲಿಲ್ಲವಷ್ಟೆ.

ಇನ್ನು ನಮ್ಮ ದೇಶದ ಮಾತು. ನಿರುದ್ಯೋಗದ ಸಂದರ್ಭದಲ್ಲಿ ರಾಜ್ಯವು ತನ್ನ ಆರ್ಥಿಕ ಶಕ್ತಿಗೆ ಒಳಪಟ್ಟು ನೆರವಾಗತಕ್ಕದ್ದೆಂದು ಸಂವಿಧಾನದ 41ನೆಯ ಅನುಚ್ಛೇದವು ನಿರ್ದೇಶಿಸುತ್ತದೆ. ಅದನ್ನು ಅಷ್ಟಿಷ್ಟು ಕಾರ್ಯರೂಪಕ್ಕೆ ತಂದುದು 1948ರ ನೌಕರರ ರಾಜ್ಯ ವಿಮಾ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವ್ಯವಸ್ಥೆ. ತಿಂಗಳಿಗೆ 20,000 ರೂಪಾಯಿ ಸಂಬಳದ ನೌಕರನಿಂದ ಶೇಕಡಾ 0.75ರಂತೆ 150 ರೂಪಾಯಿ, ಧಣಿಯಿಂದ ಶೇಕಡಾ 3.25ರಂತೆ 650 ರೂಪಾಯಿ ಅಲ್ಲಿಗೆ ಸಲ್ಲುತ್ತದೆ. ಪೇ ಸ್ಲಿಪ್ಪಿನ ಆ ಸಾಲನ್ನು ನಮ್ಮವರು ಆಸ್ಪತ್ರೆಯ ಬಾಬೆಂದು ಮಾತ್ರ ಬಲ್ಲರು. ಆದರೆ 2018ರ ಜುಲೈ 1ರಿಂದ ಜಾರಿಗೆ ಬಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯ ಮೇರೆಗೆ ಕೆಲಸ ತಪ್ಪಿದ ವಿಮಾದಾರನಿಗೂ ಅದರಲ್ಲಿ ಪಾಲುಂಟು. ಮೊದಲು ಸರಾಸರಿ ದಿನಗಳಿಕೆಯ ಶೇಕಡಾ 25ರಷ್ಟಿದ್ದ ಈ ನೆರವು 2020ರಲ್ಲಿ, ಕೋವಿಡ್ ಕಾಲದ ಸಂಕಷ್ಟದಲ್ಲಿ, ಶೇಕಡಾ 50ಕ್ಕೆ ಏರಿತು. 90 ದಿನ ಕಾಯಬೇಕಾಗಿದ್ದುದು 30 ದಿನಕ್ಕೆ ಇಳಿಯಿತು. ಧಣಿಯ ಮುಖಾಂತರವೇ ಬರಬೇಕಾಗಿದ್ದ ಅರ್ಜಿಯನ್ನು ನೌಕರನೇ ನೇರವಾಗಿ ಶಾಖಾ ಕಚೇರಿಗೆ ಒಪ್ಪಿಸಬಹುದೆಂದಾಯಿತು. ದಿನಕ್ಕೆ ಸರಾಸರಿ 600 ರೂಪಾಯಿ ಗಳಿಸುತ್ತಿದ್ದವನಿಗೆ ದಿನಕ್ಕೆ 300 ರೂಪಾಯಿಯಂತೆ, ಪರಮಾವಧಿ 90 ದಿನಗಳಿಗೆ 27,000 ರೂಪಾಯಿ. ಕನಿಷ್ಠ ಎರಡು ವರ್ಷ ವಿಮೆಯ ವ್ಯಾಪ್ತಿಯ ನೌಕರಿಯಲ್ಲಿದ್ದಿರಬೇಕು. ದುರ್ನಡತೆಗಾಗಿ ವಜಾ ಆದವನಿಗೂ ಸ್ವಇಚ್ಛೆಯಿಂದ ನಿವೃತ್ತನಾದವನಿಗೂ ಇದು ಸಲ್ಲದು. ದೌರ್ಭಾಗ್ಯವು ಎರಡನೆಯ ಸಲ ಬಾರೆನೆಂದು ಮುಚ್ಚಳಿಕೆ ಬರೆದುಕೊಟ್ಟಿದೆಯೋ ಎಂಬಂತೆ, ಜೀವಮಾನದಲ್ಲಿ ಒಮ್ಮೆ ಮಾತ್ರ ಎಂಬ ನಿಬಂಧನೆಯೂ ಇದೆ. ಕಾಲಕಾಲಕ್ಕೆ ಅವಧಿಯನ್ನು ವಿಸ್ತರಿಸುತ್ತ ನಡೆಸಿಕೊಂಡು ಬಂದ ಯೋಜನೆಯಾದುದರಿಂದ, ಅರ್ಜಿದಾರನು ಆ ಹೊತ್ತಿನ ನಿಯಮವನ್ನು ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ನಮ್ಮ ರಾಜ್ಯದ ಯುವನಿಧಿಯನ್ನು ಕೆಲವರು ಇದರೊಡನೆ ಬೆರೆಸಿ ಮಾತಾಡುವುದುಂಟು. ಅದು ಹೊಸದಾಗಿ ಓದು ಮುಗಿಸಿಯೂ ಕೆಲಸ ಕಾಣದ ಪದವೀಧರರಿಗೂ ಡಿಪ್ಲೊಮಾದವರಿಗೂ ಮೀಸಲಾದುದೇ ಹೊರತು ಇದ್ದ ಕೆಲಸ ಕಳೆದುಕೊಂಡವರಿಗಲ್ಲ.

ಇ.ಎಸ್.ಐ. ನೆರವಿನ ಅರ್ಜಿಗಿಂತಲೂ ಮೊದಲು ಗಮನಿಸತಕ್ಕ ಸಂಗತಿಯೊಂದಿದೆ. ಕೆಲಸದಿಂದ ತೆಗೆಯುವ ದಿನ ಅನೇಕ ಕಡೆಗಳಲ್ಲಿ ನಯವಾದ ಮಾತಿನೊಡನೆ ಒಂದು ಹಾಳೆಯನ್ನು ಮುಂದಿಡುವರು; ‘ರಾಜೀನಾಮೆ ಎಂದು ಬರೆದುಕೊಟ್ಟರೆ ನಿಮ್ಮ ಹೆಸರಿಗೇ ಒಳ್ಳೆಯದು’ ಎಂಬ ಹಿತವಚನವೂ ಜೊತೆಗಿರುವುದು. ನಾಚಿಕೆಯಿಂದ ಅರ್ಧ ಕುಸಿದಿರುವವನು ಬೇಗ ಅಲ್ಲಿಂದ ಎದ್ದುಹೋದರೆ ಸಾಕೆಂದು ರುಜು ಹಾಕುತ್ತಾನೆ. ಆ ರುಜುವಿನಿಂದ ಅವನು ಎಷ್ಟನ್ನು ಬಿಟ್ಟುಕೊಟ್ಟನೆಂಬುದು ಆಮೇಲೆ ತಿಳಿಯುತ್ತದೆ. ಕಾನೂನಿನ ಅರ್ಥದಲ್ಲಿ ಕಾರ್ಮಿಕನೆನಿಸುವವನು ಒಂದು ವರ್ಷವಾದರೂ ಎಡೆಬಿಡದೆ ದುಡಿದಿದ್ದಲ್ಲಿ, ಅವನನ್ನು ತೆಗೆಯುವ ಮುನ್ನ ಒಂದು ತಿಂಗಳ ನೋಟೀಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಟ್ಟು, ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಯಿಂದ ನಡೆದುಬಂದ ನಿಯಮ. 2020ರ ಕೈಗಾರಿಕಾ ಸಂಬಂಧ ಸಂಹಿತೆಯು, ಹಾಗೆ ತೆಗೆಯಲ್ಪಟ್ಟವನು ಹೊಸ ಕುಶಲತೆಯನ್ನು ಕಲಿಯಲೆಂದು ಇನ್ನೂ ಹದಿನೈದು ದಿನಗಳ ವೇತನದ ನಿಧಿಯನ್ನು ಕಲ್ಪಿಸಿದೆ. ರಾಜೀನಾಮೆ ಕೊಟ್ಟವನಿಗೆ ಇವು ಯಾವುವೂ ಇಲ್ಲ. ಐದು ವರ್ಷ ಪೂರೈಸಿದವನ ಗ್ರಾಚುಯಿಟಿಯೂ ಪಿ.ಎಫ್. ಹಣವೂ ಉಳಿದಾವು, ಅವಾದರೋ ಅವನ ಹಿಂದಿನ ದುಡಿಮೆಯ ಬಾಕಿಯೇ ಹೊರತು ಮುಂದಿನ ದಿನಗಳಿಗೆ ಯಾರೋ ಕೊಟ್ಟ ಊರುಗೋಲಲ್ಲ. ಆದುದರಿಂದ ನೇಮಕದ ಪತ್ರ, ಪೇ ಸ್ಲಿಪ್ಪುಗಳು, ಬಿಡುಗಡೆಯ ಪತ್ರ ಇಷ್ಟನ್ನೂ ಒಂದು ಫೈಲಿನಲ್ಲಿ ಜೋಪಾನವಾಗಿಟ್ಟುಕೊಂಡು, ರುಜು ಹಾಕುವ ಮುನ್ನ ಒಂದು ರಾತ್ರಿಯ ವ್ಯವಧಾನವನ್ನು ಕೇಳುವುದು ಹಟಮಾರಿತನವಲ್ಲ, ವಿವೇಕ.

ಹೊಸ ಕೆಲಸವು ಬರುವ ದಾರಿ ಯಾವುದು? ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಬಹುದು. 2015ರಲ್ಲಿ ಆರಂಭವಾದ ನ್ಯಾಷನಲ್ ಕೆರಿಯರ್ ಸರ್ವಿಸ್‌ನಲ್ಲಿಯೂ ನೋಂದಾಯಿಸಬಹುದು. ಆದರೆ ಬಹಳ ಕೆಲಸಗಳು ಈಗಲೂ ಬಾಯಿಯಿಂದ ಬಾಯಿಗೆ ಸಾಗಿಬರುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಬಾಸ್ಟನ್ ನಗರದ ಬಳಿ ಪರಿಚಯದವರ ಮೂಲಕ ಹೊಸ ಕೆಲಸ ಪಡೆದವರನ್ನು ವಿಚಾರಿಸಿ 1973ರಲ್ಲಿ ಒಂದು ಕೌತುಕದ ಸಂಗತಿಯನ್ನು ಪ್ರಕಟಿಸಿದನು. ಸುದ್ದಿ ತಂದವರು ಪದೇ ಪದೇ ಕಾಣುವ ಆಪ್ತರಾಗಿದ್ದುದು ನೂರಕ್ಕೆ ಹದಿನೇಳರಷ್ಟು ಮಾತ್ರ. ಮಿಕ್ಕವರೆಲ್ಲ ಆಗೊಮ್ಮೆ ಈಗೊಮ್ಮೆ, ಇಲ್ಲವೆ ತೀರ ಅಪರೂಪಕ್ಕೆ, ಕಾಣಸಿಗುವ ಅಲ್ಪಪರಿಚಿತರು. ಆಪ್ತರು ನಮ್ಮ ಲೋಕದಲ್ಲಿಯೇ ಇರುವವರಾದುದರಿಂದ ನಮಗೆ ಗೊತ್ತಿಲ್ಲದುದು ಅವರಿಗೂ ಗೊತ್ತಿರುವುದು ಅಪೂರ್ವ. ಬೇರೆ ಲೋಕದ ಸುದ್ದಿಯನ್ನು ಬೇರೆ ಲೋಕದವರೇ ತರಬೇಕು. ಸಂಕೋಚದಿಂದ ಮನೆಯೊಳಗೆ ಮುದುಡಿ ಕುಳಿತವನು ಕಡಿದುಕೊಳ್ಳುವುದು ಮೊತ್ತಮೊದಲು ಈ ತೆಳುವಾದ ಎಳೆಗಳನ್ನೇ ಎಂಬುದು ಎಂಥ ವಿಪರ್ಯಾಸ!

ಊರಿಗೆ ಊರೇ ಈ ಪರೀಕ್ಷೆಗೆ ಒಳಗಾದುದನ್ನು ನಮ್ಮ ನಾಡು ಕೋಲಾರದ ಚಿನ್ನದ ಗಣಿಯಲ್ಲಿ ಕಂಡಿದೆ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತಿನಿಂದ ಬೆಳಗಿದ ಆ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ತಾತಂದಿರ ಕಾಲದಿಂದ ಬಂಡೆ ಕೊರೆಯುವುದೊಂದನ್ನೇ ಬಲ್ಲ ಮನೆತನಗಳು ಒಂದು ಬೆಳಗ್ಗೆ ಎದ್ದಾಗ ಆ ವಿದ್ಯೆಗೆ ಬೆಲೆಯೇ ಇಲ್ಲವಾಗಿತ್ತು. ಆದರೂ ನಸುಕಿನಲ್ಲಿ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು ತುಂಬಿಯೇ ಹೊರಡುತ್ತ ಬಂದಿದೆ; ಯಾವ ಸಂಬಳವೂ ಗೊತ್ತಾಗದ ದಿನಗಳಲ್ಲಿ ಆ ರೈಲನ್ನು ಮೊದಲು ಹತ್ತಿದವರನ್ನು ನಿರುದ್ಯೋಗಿಗಳೆಂದು ಕರೆಯುವ ಧೈರ್ಯ ಯಾರಿಗುಂಟು?

ಮತ್ತೆ ಮದುವೆಮನೆಯ ಪಂಕ್ತಿಗೆ ಬರೋಣ. ‘ತಮಗೆ ಎಲ್ಲಿ ಕೆಲಸ?’ ಎಂದು ಪಕ್ಕದವರು ಕೇಳಿದಾಗ ತಲೆ ತಗ್ಗಿಸಿ ಸಾರನ್ನು ಕಲಸುತ್ತ ಕೂರದೆ, ‘ಇದ್ದ ಕೆಲಸ ಹೋಯಿತು ಸ್ವಾಮಿ, ಹುಡುಕುತ್ತಿದ್ದೇನೆ, ನಿಮ್ಮ ಕಡೆ ಏನಾದರೂ ಇದ್ದರೆ ಹೇಳಿ’ ಎಂದು ನೆಟ್ಟಗೆ ಹೇಳಿಬಿಡುವುದೇ ಮೇಲು. ಕೇಳಿದವರು ಅಲ್ಪಪರಿಚಿತರು, ಬೇರೆ ಊರಿನವರು, ಬೇರೆ ಲೋಕದವರು. ಮಜ್ಜಿಗೆ ಬರುವಷ್ಟರಲ್ಲಿ ಅವರಿಗೆ ಯಾರಾದರೊಬ್ಬರ ನೆನಪಾದರೂ ಆದೀತು.