ಪುಟ್ಟ ಮಗುವಿಗೊಂದು ಮೈಸೂರು

ಮೂರ್ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ಊರು ನೋಡಲು ಹೊರಟವರ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆಗೆ ಇನ್ನೊಂದು ಜಾಗ, ಅಷ್ಟೇ. ಈ ಲೆಕ್ಕಕ್ಕೆ ಮೈಸೂರಿನಷ್ಟು ಒಗ್ಗುವ ಊರು ನಮ್ಮ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ. ರೈಲು ನಿಲ್ದಾಣ, ಅರಮನೆ, ಮೃಗಾಲಯ, ಕಾರಂಜಿ ಕೆರೆ ಎಲ್ಲವೂ ಕೆಲವೇ ಕಿಲೋಮೀಟರಿನೊಳಗೆ ಇವೆ. ಮಗು ರಚ್ಚೆ ಹಿಡಿಯುವ ಮೊದಲೇ ಆಟೊ ಇಳಿಯುವ ಜಾಗ ಬಂದಿರುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿ.ಮೀ. ಹೆದ್ದಾರಿಯಲ್ಲಿ ಕಾರು ಬೇಗ ತಲುಪಿಸುತ್ತದೆ, ನಿಜ. ಆದರೂ ಮಗುವಿದ್ದರೆ ರೈಲೇ ಸರಿ ಎನ್ನುತ್ತೇನೆ. ಸೀಟಿನಿಂದ ಎದ್ದು ಓಡಾಡಬಹುದು, ಮದ್ದೂರು ವಡೆ ಕೂತಲ್ಲಿಗೇ ಬರುತ್ತದೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಕಿಟಕಿಯಲ್ಲಿ ಹೊಳೆ ಕಾಣುತ್ತದೆ. ಇಳಿದ ಮೇಲೆ ಮೊದಲ ಗಮ್ಯವೂ ಪಕ್ಕದಲ್ಲೇ ಇದೆ, ಕೃಷ್ಣರಾಜಸಾಗರ ರಸ್ತೆಯ ರೈಲು ವಸ್ತುಸಂಗ್ರಹಾಲಯ. 1979ರಲ್ಲಿ ಶುರುವಾದ ಇದು ದೆಹಲಿಯದ್ದರ ನಂತರ ದೇಶದ ಎರಡನೆಯ ಇಂಥ ಸಂಗ್ರಹಾಲಯ. ದೊಡ್ಡವರು 1899ರ ಮಹಾರಾಣಿ ಬೋಗಿಯ ಮುಂದೆ ನಿಲ್ಲುತ್ತಾರೆ. ಹಳಿಯ ಮೇಲೆ ಓಡುವ ಬಂಡಿಯಲ್ಲೇ ಅಡುಗೆಮನೆ, ಊಟದ ಕೋಣೆ ಇದ್ದುದನ್ನು ಕಂಡು ಬೆರಗಾಗುತ್ತಾರೆ. ನನ್ನ ಮಗಳು ಅತ್ತ ತಿರುಗಿಯೂ ನೋಡಲಿಲ್ಲ. ಎಂಜಿನ್ನಿನ ಗಾಲಿ ಅವಳ ತಲೆಗಿಂತ ಎತ್ತರವಿತ್ತು, ಅದನ್ನು ಮುಟ್ಟಿ ಮುಟ್ಟಿ ಸುತ್ತು ಹಾಕಿದಳು. ಆಮೇಲೆ ಪುಟಾಣಿ ರೈಲು ಹತ್ತಿದವಳನ್ನು ಇಳಿಸಲು ನಾವಿಬ್ಬರೂ ಪಟ್ಟ ಪಾಡು ದೊಡ್ಡದು.

ಊರಿನ ಇತಿಹಾಸ ಎಲ್ಲ ಕೈಪಿಡಿಗಳಲ್ಲೂ ಇದೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿಗೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಮೃಗಾಲಯವನ್ನು 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಸ್ಥಾಪಿಸಿದರು. ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್ ಅದಕ್ಕೆ ರೂಪ ಕೊಟ್ಟವರಲ್ಲೊಬ್ಬರು.

ಅರಮನೆ ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ಮಗುವಿಗೆ ಕಾಲುಚೀಲ ಇಟ್ಟುಕೊಳ್ಳಿ, ಬಿಸಿಲಿಗೆ ಕಲ್ಲು ಕಾದಿರುತ್ತದೆ. ಆದರೆ ಆ ವಯಸ್ಸಿಗೆ ಅರಮನೆ ಎಂದರೆ ಸಂಜೆಯ ದೀಪಗಳು. ಭಾನುವಾರ ಮತ್ತು ಸಾರ್ವಜನಿಕ ರಜಾ ದಿನಗಳಲ್ಲಿ ಸಂಜೆ 7ಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹತ್ತಿಕೊಳ್ಳುತ್ತವೆ. ಮೈದಾನದಲ್ಲಿದ್ದ ಮಕ್ಕಳೆಲ್ಲ ಆ ಕ್ಷಣಕ್ಕೆ ಒಟ್ಟಿಗೇ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ದೀಪ ಹತ್ತಲು ಇನ್ನೂ ಸಮಯವಿತ್ತು ಎಂದು ಅರಮನೆಯ ಹೊರಗೆ ಟಾಂಗಾ ಹತ್ತಿದೆವು. ಈ ಪ್ರವಾಸದಲ್ಲಿ ಮನಸ್ಸಿಗೆ ಹಿಡಿದದ್ದು ಅದೇ.

"ಬಾ ಪುಟ್ಟಿ, ಮುಂದೆ ಕೂತ್ಕೋ. ಅಕ್ಕಾ, ಅವಳನ್ನ ಬಿಡಿ, ನಾನಿದ್ದೀನಿ" ಎಂದು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು ಟಾಂಗಾದ ಯಜಮಾನರು. ಅರವತ್ತು ದಾಟಿದ ವಯಸ್ಸು. ತಂದೆಯೂ ಇದೇ ಕಸುಬು ಮಾಡಿದವರಂತೆ. ಮೈಸೂರಿನ ಟಾಂಗಾಕ್ಕೆ ಶಾ ಪಸಂದ್ ಎಂಬ ರಾಜ ಮರ್ಯಾದೆಯ ಹೆಸರಿದ್ದ ಕಾಲವನ್ನು ಅವರು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಿದ್ದರು. ಆಗ ಆಸ್ಪತ್ರೆಗೆ, ಮಾರ್ಕೆಟ್ಟಿಗೆ, ಮಕ್ಕಳನ್ನು ಸ್ಕೂಲಿಗೆ ಬಿಡಲಿಕ್ಕೆ ಎಲ್ಲಕ್ಕೂ ಟಾಂಗಾವೇ. ಈಗ ಪ್ರವಾಸಿಗರು ಬಂದರೆ ಬಾಡಿಗೆ, ಮಳೆ ಬಂದರೆ ಅದೂ ಇಲ್ಲ.

"ಕುದುರೆ ಖರ್ಚು ಎಷ್ಟು ಬರುತ್ತೆ ಯಜಮಾನ್ರೇ?" ಎಂದೆ.

"ಬಾಡಿಗೆ ಇರ್ಲಿ ಬಿಡ್ಲಿ, ಅದರ ಹೊಟ್ಟೆ ಕೇಳುತ್ತಾ ಅಕ್ಕಾ? ಹುರುಳಿ, ಬೂಸಾ, ಹಸಿ ಹುಲ್ಲು ದಿನಾ ಬೇಕು. ಅದು ತಿಂದ ಮೇಲೇ ನಮ್ಮ ಊಟ."

ಮಾತಿನ ನಡುವೆ ಗಾಡಿ ನಿಲ್ಲಿಸಿ ಇಳಿದರು. ಕುದುರೆಯ ಮುಂಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮಗಳಿಗೆ ಲಾಳ ತೋರಿಸಿದರು. ಒಂದು ಅಂಚು ಬ್ಲೇಡಿನಷ್ಟು ತೆಳ್ಳಗೆ ಸವೆದಿತ್ತು, ಮೊಳೆಯ ತಲೆಗಳು ಹೊಳೆಯುತ್ತಿದ್ದವು. "ಡಾಂಬರ್ ರೋಡಲ್ಲಿ ಬೇಗ ಸವೆಯುತ್ತೆ. ಲಾಳ ಹೊಡೆಯೋದು ಸುಮ್ನೆ ಅಲ್ಲ. ಮೊಳೆ ಸ್ವಲ್ಪ ಒಳಗೆ ಹೋದ್ರೂ ಕುದುರೆ ಕುಂಟುತ್ತೆ. ಆ ಕೆಲಸ ಬಲ್ಲೋರು ಈಗ ಎಷ್ಟು ಜನ ಉಳಿದಿದ್ದಾರೆ ಹೇಳಿ? ಅವರ ಮಕ್ಕಳು ಕಲೀಲಿಲ್ಲ. ನನ್ನ ಮಗನೂ ಆಟೊ ಓಡಿಸ್ತಾನೆ." ಗೊರಸಿಗೆ ಮೊಳೆ ಹೊಡೆದರೆ ನೋಯುವುದಿಲ್ಲವೇ ಎಂದು ಮಗಳು ಕೇಳಿದಾಗ, ಅವಳ ಉಗುರಿನ ತುದಿ ಮೆಲ್ಲಗೆ ಒತ್ತಿ "ಇಲ್ಲಿ ಕತ್ತರಿಸಿದ್ರೆ ನೋಯುತ್ತಾ? ಹಾಗೇನೇ" ಎಂದರು. ಯಾವ ಚಿತ್ರಪುಸ್ತಕವೂ ಇಷ್ಟು ಚೆನ್ನಾಗಿ ಹೇಳಲಾರದು.

ಅವರ ಬೇಡಿಕೆ ದೊಡ್ಡದೇನಲ್ಲ. ಕುದುರೆ ನಿಲ್ಲಲು ನೆರಳು, ಕುಡಿಯಲು ಒಂದು ನೀರಿನ ತೊಟ್ಟಿ. ಪಾರಂಪರಿಕ ನಗರ ಎಂದು ಹೆಮ್ಮೆಪಡುವ ಊರಿಗೆ ಇದು ಹೊರೆಯಾಗಬಾರದು.

ಸೋಮವಾರ ಬೆಳಿಗ್ಗೆ 8.30ಕ್ಕೆ ಮೃಗಾಲಯದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದೆವು. ಬಿಸಿಲೇರುವ ಮುಂಚೆ ಪ್ರಾಣಿಗಳೂ ಚುರುಕು, ಮಕ್ಕಳೂ ಚುರುಕು. ಜಿರಾಫೆಯೊಂದು ಎತ್ತರದ ಅಟ್ಟಣೆಯಿಂದ ಸೊಪ್ಪು ಎಳೆಯುತ್ತಿತ್ತು. ಕಪ್ಪು ನೇರಳೆ ಬಣ್ಣದ ಉದ್ದ ನಾಲಿಗೆ ಕೊಂಬೆಗೆ ಸುತ್ತಿಕೊಂಡು, ಎಲೆಯನ್ನಷ್ಟೇ ಸವರಿ, ಕಡ್ಡಿಯನ್ನು ಹಾಗೇ ಬಿಡುತ್ತಿತ್ತು. ಅಲ್ಲೇ ಎಷ್ಟೋ ಹೊತ್ತು ನಿಂತೆವು. ಒಳಗಿನ ದಾರಿ ಉದ್ದವಿದೆ, ಮೂರು ವರ್ಷದ ಕಾಲುಗಳು ಪೂರ್ತಿ ನಡೆಯಲಾರವು. ಬ್ಯಾಟರಿ ವಾಹನವಿದೆ, ಅದರಲ್ಲಿ ಸುತ್ತಬಹುದು. ಅರ್ಧ ನೋಡಿ ವಾಪಸಾದರೂ ನಷ್ಟವಿಲ್ಲ. ಚೈತನ್ಯ ಉಳಿದಿದ್ದರೆ ಪಕ್ಕದ ಕಾರಂಜಿ ಕೆರೆಯಲ್ಲಿ ದೋಣಿ ಇದೆ, ನವಿಲುಗಳ ನಡುವೆಯೇ ಓಡಾಡಬಹುದಾದ ಪಕ್ಷಿಧಾಮವಿದೆ.

ಒಂದು ಮಾತು ಹೇಳಲೇಬೇಕು. ನಾವು ಹೋದ ಜಾಗಗಳಲ್ಲೊಂದರಲ್ಲಿ ಮಗುವಿನ ಬಟ್ಟೆ ಬದಲಿಸಲು ಒಂದು ಮರೆ ಸಿಗಲಿಲ್ಲ. ಕೈಕೂಸನ್ನು ಹೊತ್ತ ತಾಯಿಯೊಬ್ಬರು ಗೋಡೆಗೆ ಮುಖ ಮಾಡಿ ಕೂತು ಹಾಲುಣಿಸುತ್ತಿದ್ದರು. ರಸ್ತೆ ಬದಿಯ ಪಾದಚಾರಿ ಮಾರ್ಗವನ್ನು ಸ್ಕೂಟರುಗಳು ಆಕ್ರಮಿಸಿದ್ದವು, ಮಗುವಿನ ತಳ್ಳುಗಾಡಿ ವಾಹನಗಳ ನಡುವೆಯೇ ಸಾಗಬೇಕಿತ್ತು. ವರ್ಷವಿಡೀ ಮಕ್ಕಳು ಬರುವ ಊರು ಇದು. ನೆರಳಿನಲ್ಲೊಂದು ಬೆಂಚು, ತಾಯಿಗೊಂದು ಕೋಣೆ, ಅಡ್ಡಿಯಿಲ್ಲದ ಪಾದಚಾರಿ ಮಾರ್ಗ ಇದ್ದರೆ ಮಗುವಿಗೂ ಆಯಿತು, ಜೊತೆಗೆ ಬಂದ ಅಜ್ಜಿ ತಾತನಿಗೂ ಆಯಿತು.

ಹೊರಡುವವರು ಭಾನುವಾರ, ಸೋಮವಾರ ಇಟ್ಟುಕೊಳ್ಳಿ. ಭಾನುವಾರ ಅರಮನೆಗೆ ದೀಪ, ಸೋಮವಾರ ಮೃಗಾಲಯದಲ್ಲಿ ನೂಕುನುಗ್ಗಲು ಕಡಿಮೆ, ಮಂಗಳವಾರ ಮೃಗಾಲಯಕ್ಕೆ ರಜೆ. ಪುಟ್ಟ ಮಕ್ಕಳಿದ್ದರೆ ದಸರಾದ ಹತ್ತು ದಿನಗಳನ್ನು ತಪ್ಪಿಸಿ. ಟಾಂಗಾಕ್ಕೆ ಒಂದರ್ಧ ಗಂಟೆ ಖಂಡಿತ ಎತ್ತಿಡಿ, ಬಾಡಿಗೆಯಲ್ಲಿ ಚೌಕಾಸಿ ಮಾತ್ರ ಬೇಡ.