ಮೈಲುತುತ್ತದ ನೀರಲ್ಲಿ ಬೆಳೆಯುವ ತಂತಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿಮಡಿಗೆ ಬೋರ್ಡೋ ದ್ರಾವಣ ಕಲಸುವವರಿಗೆ ಮೈಲುತುತ್ತದ (ಕಾಪರ್ ಸಲ್ಫೇಟ್) ಗಾಢ ನೀಲಿ ಚೆನ್ನಾಗಿ ಗೊತ್ತು. ಅದೇ ನೀಲಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಪೂರದ ತಾಮ್ರದ ತಂತಿ ಬೆಳೆಸುವ ವಿದ್ಯೆಯೊಂದಿದೆ. ಅಂಥ ತಂತಿಗೆ ನ್ಯಾನೊತಂತಿ ಎನ್ನುತ್ತಾರೆ.

ಮಾಮೂಲಿ ತಂತಿಯನ್ನು ಅಚ್ಚಿನ ತೂತಿನಲ್ಲಿ ಎಳೆದೆಳೆದು ಸಣ್ಣಗೆ ಮಾಡುತ್ತಾರೆ. ತೀರಾ ಸಣ್ಣದಾದರೆ ಅದು ತುಂಡಾಗುತ್ತದೆ. ನ್ಯಾನೊತಂತಿಯನ್ನು ಎಳೆಯುವುದಿಲ್ಲ, ತೂತಿನೊಳಗೇ ಬೆಳೆಸುತ್ತಾರೆ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದೋ ಅಲ್ಯುಮಿನಾದ್ದೋ ಒಂದು ತೆಳು ಹಾಳೆ. ಅದರ ತುಂಬ ಈ ಬದಿಯಿಂದ ಆ ಬದಿಗೆ ಹಾಯುವ ಅತಿ ಸೂಕ್ಷ್ಮ ರಂಧ್ರಗಳು. ಒಂದು ಮಗ್ಗುಲಿಗೆ ಲೋಹದ ಲೇಪ ಕೊಟ್ಟು ಅದನ್ನು ಬ್ಯಾಟರಿಯ ಋಣ ತುದಿಗೆ ಸೇರಿಸುತ್ತಾರೆ. ಧನ ತುದಿಗೆ ತಾಮ್ರದ ತಗಡು. ಎರಡನ್ನೂ ಮೈಲುತುತ್ತದ ನೀರಿನಲ್ಲಿ ಇಳಿಬಿಡುತ್ತಾರೆ. ಕರೆಂಟು ಹರಿದಂತೆ ತಾಮ್ರದ ಅಯಾನುಗಳು ರಂಧ್ರದ ತಳಕ್ಕಿಳಿದು, ಎಲೆಕ್ಟ್ರಾನ್ ಪಡೆದು, ಲೋಹವಾಗಿ ಕೂರುತ್ತವೆ. ತಳದಿಂದ ಮೇಲಕ್ಕೆ ತಂತಿ ಏಳುತ್ತದೆ. ಒಳಗೆ ನಡೆಯುವುದು ಕಾಣದು, ಕರೆಂಟು ಅಳೆಯುವ ಮೀಟರನ್ನೇ ನೋಡುತ್ತಿರಬೇಕು. ರಂಧ್ರ ತುಂಬಿ ತಾಮ್ರ ಹಾಳೆಯ ಮೇಲಕ್ಕೆ ಉಕ್ಕಿದ ಕೂಡಲೇ ಕರೆಂಟು ಸರ್ರನೆ ಏರುತ್ತದೆ. ಅಲ್ಲಿಗೆ ನಿಲ್ಲಿಸಿ ಹಾಳೆಯನ್ನು ಕರಗಿಸಿದರೆ ತಂತಿಗಳು ಉಳಿಯುತ್ತವೆ.

1 ಗ್ರಾಂ ತಾಮ್ರವನ್ನು 100 ನ್ಯಾನೊಮೀಟರ್ ದಪ್ಪದ ಒಂದೇ ತಂತಿಯಾಗಿಸಿದರೆ ಉದ್ದ ಸುಮಾರು 14,000 ಕಿಲೋಮೀಟರ್, ಭೂಮಿಯ ವ್ಯಾಸಕ್ಕಿಂತಲೂ ಹೆಚ್ಚು! ಅಷ್ಟು ತಾಮ್ರ ಕೂರಲು 1 ಆಂಪಿಯರ್ ಕರೆಂಟು ಸುಮಾರು 51 ನಿಮಿಷ ಹರಿದರೆ ಸಾಕು. ಪಿಯುಸಿ ಮಕ್ಕಳು ಕಲಿಯುವ ಫ್ಯಾರಡೆ ನಿಯಮದ ಲೆಕ್ಕವೇ ಇದು.

ಇಂಥ ತಂತಿಗಳನ್ನು ಬೆಳೆಸಿ ಅಳೆಯುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅವೀಕ್ ಬಿದ್, ಅಚ್ಯುತ್ ಬೋರಾ, ಎ.ಕೆ. ರಾಯ್‌ಚೌಧುರಿ ಅವರು 15ರಿಂದ 200 ನ್ಯಾನೊಮೀಟರ್ ದಪ್ಪದ ಬೆಳ್ಳಿ, ತಾಮ್ರದ ತಂತಿಗಳನ್ನು ಮೈನಸ್ 269 ಡಿಗ್ರಿವರೆಗೆ ತಣಿಸಿ ರೋಧ ಅಳೆದರು. ಫಲಿತಾಂಶ 2006ರಲ್ಲಿ 'ಫಿಸಿಕಲ್ ರಿವ್ಯೂ ಬಿ' ಪತ್ರಿಕೆಯಲ್ಲಿ ಬಂತು. ತಂತಿ ಸಪೂರವಾದಷ್ಟೂ ಎಲೆಕ್ಟ್ರಾನುಗಳು ಅಂಚಿಗೆ ಬಡಿದು ರೋಧ ಹೆಚ್ಚುತ್ತದೆ. ಆದರೂ ಉಷ್ಣತೆಯೊಂದಿಗೆ ಅದು ಬದಲಾಗುವ ಬಗೆ ದಪ್ಪ ಲೋಹಕ್ಕೆಂದು ಹಿಂದೆಯೇ ರೂಪಿಸಿದ ಬ್ಲಾಕ್–ಗ್ರುನೈಸನ್ ಸೂತ್ರವನ್ನೇ ಅನುಸರಿಸುತ್ತದೆ. ಮೊಬೈಲಿನ ಚಿಪ್‌ನೊಳಗೆ ಇಷ್ಟೇ ಸಣ್ಣ ತಾಮ್ರದ ಗೆರೆಗಳಿರುವುದರಿಂದ ಈ ತಿಳಿವಳಿಕೆಗೆ ಬೆಲೆ ಹೆಚ್ಚು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ವಿಜ್ಞಾನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಒಂದು ಬೀಕರ್ ಮೈಲುತುತ್ತದ ನೀರು, ಎರಡು ತಾಮ್ರದ ತಗಡು, ಒಂದು ಬ್ಯಾಟರಿ, ಒಂದು ಅಮ್ಮೀಟರ್ ಇಟ್ಟು, ಕೈಗೆ ಗವಸು ತೊಡಿಸಿ, ಋಣ ತುದಿಯ ತಗಡನ್ನು ಮೊದಲೂ ಆಮೇಲೂ ಮಕ್ಕಳ ಕೈಲೇ ತೂಗಿಸಿ, ಫ್ಯಾರಡೆ ಲೆಕ್ಕಕ್ಕೆ ಹೊಂದುವುದೇ ನೋಡಿ.