ಸಭೆಯ ನಾಲ್ವತ್ತು ದಿವಸಗಳು

ವಾರ್ಷಿಕ ಪರೀಕ್ಷೆಯು ಸಮೀಪಿಸಿ, ನಮ್ಮ ಶಾಲೆಯ ಹುಡುಗಿಯರು ಪುಸ್ತಕದಿಂದ ತಲೆಯೆತ್ತದಿರುವ ದಿನಗಳಲ್ಲಿಯೇ, ನಮ್ಮ ದೇವಾಲಯದ ಪ್ರಸಂಗಪೀಠದ ಮೇಲಿನ ವಸ್ತ್ರವು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮದುವೆಯ ಪ್ರಕಟಣೆಗಳು ನಿಂತುಹೋಗುತ್ತವೆ. ಸಂಗೀತಗಳ ರಾಗವು ಮೆಲ್ಲಗಾಗುತ್ತದೆ. ಇದನ್ನು ನೋಡಿ ಕ್ರೈಸ್ತರಲ್ಲದ ವಿದ್ಯಾರ್ಥಿನಿಯರು, "ಟೀಚರ್, ಇದು ನಿಮ್ಮ ಉಪವಾಸದ ತಿಂಗಳೋ?" ಎಂದು ನಮ್ಮನ್ನು ಕೇಳುವದುಂಟು. ಕ್ರೈಸ್ತ ಮನೆಗಳಿಂದ ಬರುವ ಹುಡುಗಿಯರಲ್ಲಿಯೂ ಅನೇಕರು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡಲಾರದೆ ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಆದ ಕಾರಣ ಲೆಂತ್ ಕಾಲವೆಂದರೇನು, ಒಂದು ಸಭೆಯು ಅದನ್ನು ಒಟ್ಟಾಗಿ ಆಚರಿಸುವದರ ಅರ್ಥವೇನು ಎಂಬದನ್ನು ಈ ಸಂಚಿಕೆಯಲ್ಲಿ ವಿವರಿಸುವದು ಯುಕ್ತವೆಂದು ನಮಗೆ ತೋರಿತು.

ಲೆಂತ್ ಎಂಬದು ಇಂಗ್ಲಿಷ್ ಶಬ್ದ. ಹಗಲು ದೀರ್ಘವಾಗುವ ವಸಂತಕಾಲ ಎಂಬದೇ ಅದರ ಮೂಲಾರ್ಥ. ನಮ್ಮ ನಾಡಿನ ಕಥೋಲಿಕರು ಇದನ್ನು ತಪಸ್ಸುಕಾಲವೆಂದು ಕರೆಯುತ್ತಾರೆ. ಬೂದಿ ಬುಧವಾರದಂದು ಆರಂಭವಾಗಿ ಈಸ್ಟರಿನ ಹಿಂದಿನ ಶನಿವಾರದಂದು ಇದು ಮುಗಿಯುತ್ತದೆ. ಎಣಿಸಿ ನೋಡಿದರೆ ಒಟ್ಟು 46 ದಿವಸಗಳಾಗುತ್ತವೆ. ಆದರೆ ಪ್ರತಿ ಭಾನುವಾರವು ಕರ್ತನ ಪುನರುತ್ಥಾನದ ಸಂತೋಷದ ದಿನವಾದುದರಿಂದ 6 ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ತೆಗೆದುಕೊಳ್ಳುವದಿಲ್ಲ. ಉಳಿದವು 40. ಯೇಸು ಸ್ವಾಮಿಯು ಅಡವಿಯಲ್ಲಿ ಉಪವಾಸವಿದ್ದ ದಿವಸಗಳು ನಾಲ್ವತ್ತು. ಮೋಶೆಯು ಸೀನಾಯಿ ಬೆಟ್ಟದ ಮೇಲೆ ಇದ್ದದ್ದೂ, ಎಲೀಯನು ಹೋರೇಬಿಗೆ ನಡೆದದ್ದೂ ನಾಲ್ವತ್ತು ದಿವಸಗಳೇ.

ಈಸ್ಟರ್ ಪ್ರತಿವರ್ಷವೂ ಒಂದೇ ತಾರೀಖಿಗೆ ಬಾರದಿರುವದೇಕೆ ಎಂದು ಗಣಿತದಲ್ಲಿ ಆಸಕ್ತಿಯುಳ್ಳ ಹುಡುಗಿಯರು ಕೇಳಬಹುದು. ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯಾದ ಮೇಲಿನ ಮೊದಲನೆಯ ಭಾನುವಾರವೇ ಈಸ್ಟರ್ ಎಂದು ಪಾಶ್ಚಾತ್ಯ ಸಭೆಗಳು ಎಣಿಸುತ್ತವೆ. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮುಂಚೆಯಾಗಲಿ ಏಪ್ರಿಲ್ 25ರ ತರುವಾಯವಾಗಲಿ ಬರುವದಿಲ್ಲ. 2026ರಲ್ಲಿ ಈಸ್ಟರ್ ಏಪ್ರಿಲ್ 5ರಂದು. ಅದರಿಂದ 46 ದಿವಸ ಹಿಂದಕ್ಕೆ ಎಣಿಸಿದರೆ ಫೆಬ್ರವರಿ 18ರ ಬೂದಿ ಬುಧವಾರವು ಸಿಗುತ್ತದೆ.

ಆದಿಸಭೆಯಲ್ಲಿ ಈ ಕಾಲವು ಇಷ್ಟು ದೀರ್ಘವಾಗಿರಲಿಲ್ಲ. ಈಸ್ಟರಿನ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ನಾಲ್ವತ್ತು ತಾಸು ಉಪವಾಸವಿರುತ್ತಿದ್ದರೆಂದು 2ನೆಯ ಶತಮಾನದ ಸಭಾಪಿತೃವಾದ ಐರೇನಿಯನು ತಿಳಿಸಿದ್ದಾನೆ. 325ರಲ್ಲಿ ನಿಕೇಯದಲ್ಲಿ ಕೂಡಿದ ಮಹಾಸಭೆಯ ಕಟ್ಟಳೆಗಳಲ್ಲಿ ನಾಲ್ವತ್ತು ದಿವಸಗಳ ಈ ಕಾಲದ ಹೆಸರು ಕಾಣುತ್ತದೆ. ಈಸ್ಟರಿನಲ್ಲಿ ದೀಕ್ಷಾಸ್ನಾನವನ್ನು ಹೊಂದಲಿಕ್ಕಿದ್ದವರು ಆಗ ಈ ಸಮಯದಲ್ಲಿ ಉಪದೇಶವನ್ನು ಪಡೆಯುತ್ತಿದ್ದರು. ಹೀಗೆ ಇದು ಮೊದಲಿನಿಂದಲೂ ಒಂದು ವಿಧದ ಪಾಠಶಾಲೆಯೇ ಆಗಿತ್ತು.

ಎಲ್ಲಾ ಸಭೆಗಳೂ ಇದನ್ನು ಒಂದೇ ರೀತಿಯಾಗಿ ಆಚರಿಸುವದಿಲ್ಲ. ಕಥೋಲಿಕ ದೇವಾಲಯಗಳಲ್ಲಿ ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಮೊದಲನೆಯ ದಿನ ಹಣೆಗೆ ಹಚ್ಚುತ್ತಾರೆ. 1966ರಲ್ಲಿ 6ನೆಯ ಪಾವ್ಲ ಪೋಪರು ಹಳೆಯ ಕಟ್ಟಳೆಗಳನ್ನು ಸಡಿಲಿಸಿದ ಮೇಲೆ, ಅವರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನಗಳಲ್ಲಿ ಮಾತ್ರ ಉಪವಾಸವು ಕಡ್ಡಾಯವಾಗಿದೆ. ಈಗಿನ ನಿಯಮದಂತೆ 18 ವರ್ಷ ತುಂಬದವರ ಮೇಲೆ ಆ ಭಾರವೂ ಇಲ್ಲ. ಸುರಿಯಾನಿ ಆರ್ಥೊಡಾಕ್ಸ್ ಪರಂಪರೆಯವರು ಐವತ್ತು ದಿವಸದ ನೋಂಬನ್ನು ಬುಧವಾರವಲ್ಲ, ಸೋಮವಾರದಂದು ತೊಡಗುತ್ತಾರೆ. ಆ ದಿನದ ಆರಾಧನೆಗೆ ಶುಬ್ಕೋನೋ ಎಂದು ಹೆಸರು; ಸುರಿಯಾನಿ ಭಾಷೆಯಲ್ಲಿ ಅದರ ಅರ್ಥ ಕ್ಷಮೆ. ಪಾದ್ರಿಯೂ ಸಭೆಯವರೂ ಒಬ್ಬರನ್ನೊಬ್ಬರು ಕ್ಷಮೆ ಬೇಡಿಕೊಂಡ ಹೊರತು ನೋಂಬು ಆರಂಭವಾಗುವದಿಲ್ಲ. ಊಟವನ್ನು ಬಿಡುವದಕ್ಕೆ ಮುಂಚೆ ವೈರವನ್ನು ಬಿಡಬೇಕೆಂಬ ಈ ಕ್ರಮವು ನಮಗೆ ಬಹಳ ಸುಂದರವಾಗಿ ಕಾಣುತ್ತದೆ.

ನಮ್ಮ ಸಭೆಯಾದರೋ ಬೇರೊಂದು ಪರಂಪರೆಯಿಂದ ಬಂದದ್ದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ಹಿಂದೆ ಜರ್ಮನಿ ಮತ್ತು ಸ್ವಿಟ್ಸರ್ಲೆಂಡ್ ದೇಶಗಳ ಸುಧಾರಣೆಯ ಚರಿತ್ರೆಯಿತ್ತು. 1522ರ ಲೆಂತ್ ಕಾಲದಲ್ಲಿ ಜ್ಯೂರಿಚ್ ಪಟ್ಟಣದ ಮುದ್ರಕನಾದ ಫ್ರೋಶವರನ ಮನೆಯಲ್ಲಿ ಕೆಲವರು ಕಟ್ಟಳೆಯನ್ನು ಮೀರಿ ಮಾಂಸವನ್ನು ತಿಂದರು. ಅಲ್ಲಿದ್ದ ತ್ಸ್ವಿಂಗ್ಲಿ ಎಂಬ ಪಾದ್ರಿಯು ತಾನು ತಿನ್ನಲಿಲ್ಲ. ಆದರೂ ಆಹಾರದ ವಿಷಯದಲ್ಲಿ ಕ್ರೈಸ್ತನು ಸ್ವತಂತ್ರನು, ಉಪವಾಸವನ್ನು ಯಾರ ಮೇಲೆಯೂ ಬಲವಂತವಾಗಿ ಹೊರಿಸಕೂಡದು ಎಂದು ಪ್ರಸಂಗಮಾಡಿ ಅದನ್ನು ಅಚ್ಚುಹಾಕಿಸಿದನು. ಆ ದೇಶದ ಸುಧಾರಣೆಯು ಈ ಜಗಳದಿಂದಲೇ ಮೊದಲಾಯಿತೆಂದು ಹೇಳುವದುಂಟು. ಹೀಗಿರಲಾಗಿ, "ನಮ್ಮ ಹಿರಿಯರು ಬಿಟ್ಟ ನೊಗವನ್ನು ನಾವು ಮತ್ತೆ ಹೊರುವದೇಕೆ?" ಎಂದು ಕೇಳುವವರು ನಮ್ಮ ಸಭೆಯಲ್ಲಿ ಇಂದಿಗೂ ಇದ್ದಾರೆ. ಪ್ರಶ್ನೆಯು ನ್ಯಾಯವಾದದ್ದು. ಅದಕ್ಕೆ ಉತ್ತರವು ನಮಗೆ ಪುಸ್ತಕದಿಂದಲ್ಲ, ನಮ್ಮ ಸಭೆಯ ಒಂದು ಅನುಭವದಿಂದ ದೊರಕಿತು. ಅದು ನಮಗೆ ನಾಚಿಕೆಯನ್ನುಂಟುಮಾಡುವ ಸಂಗತಿಯಾದರೂ ಹೇಳಬೇಕಾಗಿದೆ.

ಲೆಂತ್ ಕಾಲದಲ್ಲಿ ನಮ್ಮಲ್ಲಿ ವಾರವಾರವೂ ಮನೆಕೂಟಗಳು ನಡೆಯುತ್ತವೆ. ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ನೆರೆಯವರು ಕೂಡಿ, ಕರ್ತನ ಕಷ್ಟಾನುಭವದ ವೃತ್ತಾಂತವನ್ನು ಓದಿ, ಹಾಡಿ, ಪ್ರಾರ್ಥಿಸುತ್ತಾರೆ. ಮೊದಮೊದಲು ಕೂಟದ ತರುವಾಯ ಒಂದು ಲೋಟ ಕಾಫಿ ಇರುತ್ತಿತ್ತು. ಕೆಲವು ವರ್ಷಗಳಲ್ಲಿ ಕಾಫಿಯ ಜತೆಗೆ ಬಿಸ್ಕತ್ತು ಬಂತು. ಬಿಸ್ಕತ್ತಿನ ತರುವಾಯ ಕೇಕು, ಕೇಕಿನ ತರುವಾಯ ಊಟ. ಒಂದು ಮನೆಯಲ್ಲಿ ಮಾಡಿದ್ದಕ್ಕಿಂತ ಮತ್ತೊಂದು ಮನೆಯಲ್ಲಿ ಕಡಿಮೆಯಾಗಬಾರದೆಂಬ ಹಟವು ಯಾರೂ ಬಾಯಿಬಿಟ್ಟು ಹೇಳದೆಯೇ ಬೆಳೆಯಿತು. ಅಡವಿಯ ಉಪವಾಸವನ್ನು ಧ್ಯಾನಿಸಲು ಕೂಡಿದವರು ತುಂಬಿದ ತಟ್ಟೆಗಳ ಮುಂದೆ ಕುಳಿತಿದ್ದೆವು. ನಮಗೆ ಅದು ಹೊಳೆಯಲೂ ಇಲ್ಲ.

ಬೀಡಿ ಕಟ್ಟಿ ಜೀವಿಸುತ್ತಿದ್ದ ಒಬ್ಬ ವಿಧವೆಯ ಮನೆಯೂ ಸರದಿಯಲ್ಲಿತ್ತು. ಒಂದು ವರ್ಷ ಅವರು, ಮಗಳಿಗೆ ಪರೀಕ್ಷೆಯಿದೆ, ಈ ಸಾರಿ ಬೇಡ ಎಂದರು. ಮರುವರ್ಷ, ಮಾಡು ಸೋರುತ್ತದೆ ಎಂದರು. ಬೇಸಿಗೆಯಲ್ಲಿ ಮಾಡು ಸೋರಿದರೇನೆಂದು ನಮ್ಮಲ್ಲಿ ಯಾರಿಗೂ ಕೇಳಬೇಕೆಂದು ತೋರಲಿಲ್ಲ. ಮೂರನೆಯ ವರ್ಷ ಸ್ತ್ರೀಯರ ಸಂಘದ ಒಬ್ಬ ಹಿರಿಯ ಅಮ್ಮನವರು ಅವರ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು ಬೀಡಿಯ ಎಲೆ ಕತ್ತರಿಸಲು ನೆರವಾಗುತ್ತಾ ಮೆಲ್ಲಗೆ ವಿಚಾರಿಸಿದರು. ಬಹಳ ಹೊತ್ತಿನ ಮೇಲೆ ಆ ತಾಯಿ ಹೇಳಿದ್ದಿಷ್ಟೆ: "ಅಮ್ಮಾ, ಪ್ರಾರ್ಥನೆ ಬೇಡವೆಂದಲ್ಲ. ಮೂವತ್ತು ಜನರಿಗೆ ಬಡಿಸುವಷ್ಟು ನನ್ನಲ್ಲಿಲ್ಲ."

ಆ ಮಾತು ಸ್ತ್ರೀಯರ ಸಂಘದಲ್ಲಿಯೂ, ಬಳಿಕ ಸಭಾಪಾಲಕರ ಮತ್ತು ಹಿರಿಯರ ಕೂಟದಲ್ಲಿಯೂ ಚರ್ಚೆಗೆ ಬಂತು. ಅತಿಥಿಸತ್ಕಾರವು ಕ್ರೈಸ್ತಗುಣವಲ್ಲವೇ ಎಂದು ಕೆಲವರು ವಾದಿಸಿದರು. ಬಡವರ ಮನೆಯ ಖರ್ಚನ್ನು ಸಭೆಯೇ ಕೊಡಲಿ ಎಂದು ಮತ್ತೆ ಕೆಲವರು ಹೇಳಿದರು. ಆದರೆ ಆ ಅಮ್ಮನವರು, "ಅವರಿಗೆ ಹಣ ಕೊಟ್ಟರೆ ಅವರ ತಲೆ ಇನ್ನೂ ತಗ್ಗುತ್ತದೆ; ನಮ್ಮ ತಟ್ಟೆ ತಗ್ಗಲಿ" ಎಂದರು. ಕೊನೆಗೆ ನಿರ್ಣಯವಾದದ್ದೇನಂದರೆ, ಮನೆಕೂಟದಲ್ಲಿ ಯಾವ ಮನೆಯವರೂ ಬೆಲ್ಲ ಮತ್ತು ನೀರಿನ ಹೊರತು ಬೇರೇನನ್ನೂ ಕೊಡಕೂಡದು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವದು ಈ ತುಳುನಾಡಿನಲ್ಲಿ ಪುರಾತನ ಮರ್ಯಾದೆಯಲ್ಲವೇ? ಉಳಿದ ಖರ್ಚನ್ನು ಪ್ರತಿ ಕುಟುಂಬದವರೂ ತಮಗೆ ತೋಚಿದಷ್ಟು ಲಕೋಟೆಯಲ್ಲಿಟ್ಟು, ಹೆಸರು ಬರೆಯದೆ ಈಸ್ಟರ್ ದಿನದ ಕಾಣಿಕೆಗೆ ಸೇರಿಸಬೇಕೆಂದಾಯಿತು. ಆ ವರ್ಷ ಮೊದಲನೆಯ ಕೂಟವು ಆ ವಿಧವೆಯ ಮನೆಯಲ್ಲಿ ಕೂಡಿತು. ಒಳಗೆ ಸ್ಥಳ ಸಾಲದೆ ನಮ್ಮಲ್ಲಿ ಅನೇಕರು ಅಂಗಳದಲ್ಲಿ ನಿಂತೇ ಹಾಡಿದೆವು.

ಈಗ ತ್ಸ್ವಿಂಗ್ಲಿಯ ಪ್ರಶ್ನೆಗೆ ಉತ್ತರ ಕೊಡಬಹುದು. ದೇವರ ಮೆಚ್ಚಿಗೆಯನ್ನು ಗಳಿಸುವದಕ್ಕಾಗಿ ನಾವು ಊಟ ಬಿಡಬೇಕಾಗಿಲ್ಲ. ಅವನು ಹೇಳಿದ್ದು ಸರಿ. ಆದರೆ ಸ್ವತಂತ್ರರಾದವರು ನೆರೆಯವರಿಗೋಸ್ಕರ ತಮ್ಮ ಸ್ವಾತಂತ್ರ್ಯವನ್ನು ತಾವೇ ಕುಗ್ಗಿಸಿಕೊಳ್ಳಬಹುದು. ಯೆಶಾಯ ಪ್ರವಾದಿಯ ಗ್ರಂಥದ 58ನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸವು ಯಾವದೆಂದು ವಿವರಿಸಿದೆ. ತಲೆಬಾಗಿಸಿ ಬೂದಿಯಲ್ಲಿ ಕೂರುವದಲ್ಲ, ಕಟ್ಟುಗಳನ್ನು ಬಿಚ್ಚಿ, ಹಸಿದವರೊಂದಿಗೆ ಅನ್ನವನ್ನು ಹಂಚಿಕೊಳ್ಳುವದೇ ಅದು. ನಮ್ಮ ತಟ್ಟೆಗಳೇ ಒಬ್ಬಾಕೆಯ ಬಾಗಿಲಿಗೆ ಕಟ್ಟಾಗಿದ್ದವು. ಅವುಗಳನ್ನು ತೆಗೆದಾಗ ಬಾಗಿಲು ತೆರೆಯಿತು.

ಮಿಜೋರಾಮಿನ ಕ್ರೈಸ್ತ ಸ್ತ್ರೀಯರು 1910ರಿಂದ ಪ್ರತಿ ಸಾರಿ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ದೇವರ ಸೇವೆಗೆಂದು ತೆಗೆದಿಡುತ್ತಾ ಬಂದಿದ್ದಾರೆ. ಲೆಂತ್ ಕಾಲದಲ್ಲಿ ಮಾತ್ರವಲ್ಲ, ವರ್ಷವಿಡೀ ನಡೆಯುವ ಈ ಹಿಡಿಯಕ್ಕಿಯಿಂದ ಅಲ್ಲಿಯ ಸಭೆಗಳಿಗೆ ದೊಡ್ಡ ಆಧಾರವು ದೊರೆತಿದೆ. ಅಡಿಗೆಮನೆಯಲ್ಲಿ ಯಾರೂ ನೋಡದೆ ನಡೆಯುವ ಕಾರ್ಯಕ್ಕೆ ಎಷ್ಟು ಬಲವಿದೆಯೆಂಬದನ್ನು ಹೆಣ್ಣುಮಕ್ಕಳಾದ ನೀವು ಇದರಿಂದ ತಿಳಿಯಬಹುದು.

ಪ್ರಿಯ ವಿದ್ಯಾರ್ಥಿನಿಯರೇ, ಪರೀಕ್ಷೆಗೆ ಓದುವವರೂ ಬೆಳೆಯುವ ವಯಸ್ಸಿನವರೂ ಹೊಟ್ಟೆಗೆ ಕಡಿಮೆಮಾಡಿಕೊಳ್ಳಬೇಕೆಂದು ನಾವು ಹೇಳುವದಿಲ್ಲ. ಹಾಸ್ಟೆಲಿನಲ್ಲಿ ಗುಟ್ಟಾಗಿ ಊಟ ಬಿಟ್ಟು ತಲೆತಿರುಗಿ ಬೀಳುವದು ಭಕ್ತಿಯಲ್ಲ. ಉಪವಾಸಮಾಡುವವರು ಮುಖ ತೊಳೆದು ಪ್ರಸನ್ನರಾಗಿರಬೇಕೆಂದು ಕರ್ತನೇ ಬೋಧಿಸಿದ್ದಾನೆ. ನೀವು ಬಿಡತಕ್ಕವು ಬೇರೆ ಇವೆ. ಜತೆಯವಳ ಹಳೆಯ ಲಂಗವನ್ನು ನೋಡಿ ನಗುವದನ್ನು ಬಿಡಿರಿ. ತಿಂಗಳುಗಟ್ಟಲೆ ಮಾತಾಡದೆ ಬಿಟ್ಟ ಗೆಳತಿಯ ಹತ್ತಿರ ಹೋಗಿ ನೀವೇ ಮೊದಲು ಮಾತಾಡಿರಿ. ನಿಮ್ಮ ಪಂಕ್ತಿಯಲ್ಲಿ ಬುತ್ತಿಯನ್ನು ಮರೆಮಾಡಿಕೊಂಡು ಉಣ್ಣುವವಳು ಯಾರಾದರೂ ಇದ್ದರೆ, ಅವಳೇಕೆ ಹಾಗೆ ಮಾಡುತ್ತಾಳೆಂದು ಯೋಚಿಸಿರಿ.

ಶುಭ ಶುಕ್ರವಾರದ ಮಧ್ಯಾಹ್ನ 12 ಗಂಟೆಯಿಂದ 3 ಗಂಟೆಯ ವರೆಗೆ ನಮ್ಮ ಸಭೆಯವರು ಕೂಡಿ, ಕರ್ತನು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತೇವೆ. ಅವುಗಳಲ್ಲಿ ಮೂರು ಲೂಕನ ಸುವಾರ್ತೆಯಲ್ಲಿಯೂ, ಮೂರು ಯೋಹಾನನ ಸುವಾರ್ತೆಯಲ್ಲಿಯೂ, ಒಂದು ಮತ್ತಾಯ ಮಾರ್ಕರ ಸುವಾರ್ತೆಗಳಲ್ಲಿಯೂ ಇವೆ. ಸಾಂಪ್ರದಾಯಿಕ ಕ್ರಮದಲ್ಲಿ ಮೊದಲನೆಯದು ಕ್ಷಮೆಯ ಮಾತು. ಐದನೆಯದು ದಾಹದ ಮಾತು. ಬೇಸಿಗೆಯ ಆ ಸೆಕೆಯಲ್ಲಿ ಐದನೆಯ ಮಾತನ್ನು ಕೇಳುವಾಗಲೆಲ್ಲಾ ಆ ಚಿಕ್ಕ ಮನೆಯೂ, ಕೈಯಿಂದ ಕೈಗೆ ಅಂಗಳದ ವರೆಗೆ ಬಂದ ನೀರಿನ ಲೋಟವೂ, ಬೆಲ್ಲದ ತುಂಡೂ ನಮ್ಮ ನೆನಪಿಗೆ ಬರುತ್ತವೆ.